ಪ್ಲಾಸ್ಟಿಕ್ ಸಾಕಷ್ಟು ಇಳಿಯುತ್ತಿಲ್ಲವೇ? ಸ್ಪೂಲ್‌ನಿಂದ ನಾಜಲ್‌ವರೆಗೆ ದೋಷ ಹುಡುಕುವ ಬಗೆ

ತ್ರೀಡಿ ಪ್ರಿಂಟ್‌ನ ಗೋಡೆಯಲ್ಲಿ ಗೆರೆ ಗೆರೆಗಳ ನಡುವೆ ಸಂದು. ಮೇಲ್ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತುಗಳು. ಒಳಗಿನ ಜಾಲರಿ ಬೆರಳಲ್ಲಿ ಒತ್ತಿದರೆ ಪುಡಿ. ಜೊತೆಗೆ ಕೆಲವೊಮ್ಮೆ ಪ್ಲಾಸ್ಟಿಕ್ ತಳ್ಳುವ ಎಕ್ಸ್‌ಟ್ರೂಡರ್ ಕಡೆಯಿಂದ ಟಕ್ ಟಕ್ ಸದ್ದು. ಸ್ಲೈಸರ್ (ಮಾದರಿಯನ್ನು ಪದರಗಳಾಗಿ ಸೀಳಿ ಪ್ರಿಂಟರಿಗೆ ಆಜ್ಞೆ ಬರೆಯುವ ತಂತ್ರಾಂಶ) ಕೇಳಿದಷ್ಟು ಪ್ಲಾಸ್ಟಿಕ್ ಪ್ರಿಂಟರಿನ ಬಿಸಿ ಮೂತಿಯಾದ ನಾಜಲ್‌ನಿಂದ ಹೊರಬರದಿದ್ದರೆ ಕಾಣುವ ಲಕ್ಷಣಗಳಿವು. ತ್ರೀಡಿ ಪ್ರಿಂಟರ್ ಬಳಸುವವರ ಬಾಯಲ್ಲಿ ಇದು ಅಂಡರ್ ಎಕ್ಸ್‌ಟ್ರೂಶನ್.

ಇದನ್ನು ಕಂಡ ತಕ್ಷಣ ಎಲ್ಲರೂ ಮಾಡುವ ಕೆಲಸ, ಸ್ಲೈಸರ್‌ನಲ್ಲಿ ಫ್ಲೋ, ಅಂದರೆ ಇಳಿಸುವ ಪ್ಲಾಸ್ಟಿಕ್‌ನ ಪ್ರಮಾಣವನ್ನು, ಶೇ. 100ರಿಂದ 110ಕ್ಕೆ ಏರಿಸುವುದು. ದಯವಿಟ್ಟು ಬೇಡ. ಅರ್ಧ ಕಟ್ಟಿಕೊಂಡ ನಾಜಲ್‌ಗೆ ಇನ್ನಷ್ಟು ತಳ್ಳಲು ಹೋದರೆ ಗೇರ್ ಫಿಲಮೆಂಟನ್ನೇ (ಪ್ರಿಂಟರಿಗೆ ಉಣಿಸುವ ಪ್ಲಾಸ್ಟಿಕ್ ತಂತಿ) ಕೊರೆದು ಹಾಕುತ್ತದೆ. ಇದ್ದ ಒಂದು ದೋಷ ಎರಡಾಗುತ್ತದೆ. ಪ್ಲಾಸ್ಟಿಕ್ ಸಾಗುವ ದಾರಿಯಲ್ಲಿ ತಡೆ ಎಲ್ಲಿದೆ ಎಂದು ಮೊದಲು ಪತ್ತೆ ಮಾಡಬೇಕು. ಸೆಟ್ಟಿಂಗ್ ಮುಟ್ಟುವುದು ಕಟ್ಟಕಡೆಗೆ.

ಇಲ್ಲಿನ ಅಳತೆಗಳೆಲ್ಲ 1.75 ಮಿ.ಮೀ. ಫಿಲಮೆಂಟ್, 0.4 ಮಿ.ಮೀ. ಹಿತ್ತಾಳೆ ನಾಜಲ್ ಇರುವ ಸಾಮಾನ್ಯ ಮೇಜಿನ ಪ್ರಿಂಟರ್‌ಗೆ ಹೊಂದುತ್ತವೆ.

ದಾರಿಯಲ್ಲಿ ಏನೇನಿದೆ

ಸ್ಪೂಲ್‌ನಿಂದ ಬಿಚ್ಚಿಕೊಂಡ ಫಿಲಮೆಂಟನ್ನು ಎಕ್ಸ್‌ಟ್ರೂಡರ್ ಹಿಡಿದು ತಳ್ಳುತ್ತದೆ. ಅದರಲ್ಲಿ ಇರುವುದು ಒಂದು ಸ್ಟೆಪ್ಪರ್ ಮೋಟರ್, ಅದರ ಅಚ್ಚಿಗೆ ಕೂರಿಸಿದ ಹಲ್ಲಿನ ಗೇರ್, ಎದುರಿನಿಂದ ಒತ್ತುವ ಬೇರಿಂಗ್, ಅದನ್ನು ಬಿಗಿ ಹಿಡಿಯುವ ಸ್ಪ್ರಿಂಗ್. ಎಕ್ಸ್‌ಟ್ರೂಡರ್ ಪ್ರಿಂಟರಿನ ಚೌಕಟ್ಟಿನ ಮೇಲಿದ್ದು ಅಲ್ಲಿಂದ ಬಿಳಿ ಅಥವಾ ನೀಲಿ ಕೊಳವೆಯೊಂದು ತಲೆಗೆ ಹೋಗುತ್ತಿದ್ದರೆ ನಿಮ್ಮದು ಬೌಡನ್ ವ್ಯವಸ್ಥೆ. ಎಕ್ಸ್‌ಟ್ರೂಡರ್ ತಲೆಯ ಮೇಲೆಯೇ ಕುಳಿತಿದ್ದರೆ ಡೈರೆಕ್ಟ್ ಡ್ರೈವ್. ಆ ಕೊಳವೆ ಪಿಟಿಎಫ್‌ಇಯದು. ನಾನ್‌ಸ್ಟಿಕ್ ತವೆಗೆ ಬಳಿಯುವ ವಸ್ತುವೇ. ಹೊರ ವ್ಯಾಸ 4, ಒಳ ವ್ಯಾಸ 2 ಮಿ.ಮೀ.

ತಲೆಯಲ್ಲಿರುವುದು ಹಾಟೆಂಡ್. ಮೇಲ್ಭಾಗದ ಅಲ್ಯೂಮಿನಿಯಂ ಹೀಟ್‌ಸಿಂಕ್ ಸದಾ ತಣ್ಣಗಿರಬೇಕು, ಅದಕ್ಕೊಂದು ಪುಟ್ಟ ಫ್ಯಾನ್. ಕೆಳಭಾಗದ ಹೀಟರ್ ಬ್ಲಾಕ್ ಬಿಸಿ ಇರಬೇಕು. ಅದರೊಳಗೆ ಹೀಟರ್ ಕಡ್ಡಿ ಮತ್ತು ತಾಪ ಅಳೆಯುವ ಥರ್ಮಿಸ್ಟರ್. ಎರಡನ್ನೂ ಜೋಡಿಸುವ ತೆಳು ಲೋಹದ ಕೊಳವೆಗೆ ಹೀಟ್‌ಬ್ರೇಕ್ ಎಂದು ಹೆಸರು, ಕೆಳಗಿನ ಬಿಸಿ ಮೇಲೇರದಂತೆ ತಡೆಯುವುದು ಅದರ ಕೆಲಸ. ತಳದಲ್ಲಿ ನಾಜಲ್. ಅಗ್ಗದ ಹಾಟೆಂಡ್‌ಗಳಲ್ಲಿ ಪಿಟಿಎಫ್‌ಇ ಕೊಳವೆ ಹೀಟ್‌ಬ್ರೇಕ್ ದಾಟಿ ನಾಜಲ್‌ನ ಬೆನ್ನಿಗೇ ತಾಗುವಂತೆ ಇಳಿದಿರುತ್ತದೆ. ಇದನ್ನು ನೆನಪಿಡಿ, ಮುಂದೆ ಬಹಳಷ್ಟು ತೊಂದರೆ ಇಲ್ಲಿಂದಲೇ ಬರುತ್ತದೆ.

ಯಾವಾಗ ಕೆಡುತ್ತದೆ?

ಪಾನಾ ಕೈಗೆತ್ತಿಕೊಳ್ಳುವ ಮುಂಚೆ ದೋಷ ಯಾವ ಹೊತ್ತಿನಲ್ಲಿ ತಲೆಹಾಕುತ್ತದೆ ಎಂಬುದನ್ನು ಗಮನಿಸಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಮೊದಲ ಪದರದಲ್ಲಿ ಮಾತ್ರ ಟಕ್ ಟಕ್ ಸದ್ದು, ಆಮೇಲೆ ಎಲ್ಲ ಸರಿ ಎಂದಾದರೆ ನಾಜಲ್ ಬೆಡ್‌ಗೆ (ಪ್ರಿಂಟ್ ಕೂರುವ ತಟ್ಟೆ) ತೀರಾ ಒತ್ತಿಕೊಂಡಿದೆ, ಪ್ಲಾಸ್ಟಿಕ್‌ಗೆ ಹೊರಬರಲು ಜಾಗವಿಲ್ಲ. ಹಾಟೆಂಡ್ ಬಿಚ್ಚಬೇಡಿ; ನಾಜಲ್ಲನ್ನು 0.05 ಮಿ.ಮೀ. ಎತ್ತಿ ನೋಡಿ. ಮೊದಲ ಅರ್ಧ ಗಂಟೆ ಚೆನ್ನಾಗಿ ಬಂದು ಆಮೇಲೆ ಪದರ ತೆಳುವಾಗುತ್ತ ಪೂರ್ತಿ ನಿಂತೇಹೋದರೆ ಬಿಸಿ ಮೇಲೇರುತ್ತಿದೆ. ನಿಧಾನವಾದ ಹೊರಗೋಡೆ ಗಟ್ಟಿ, ವೇಗವಾಗಿ ತುಂಬುವ ಒಳಜಾಲರಿ ಮಾತ್ರ ಪೊಳ್ಳು ಎಂದರೆ ಹಾಟೆಂಡ್ ಕರಗಿಸುವುದಕ್ಕಿಂತ ಬೇಗ ನೀವು ಕೇಳುತ್ತಿದ್ದೀರಿ. ಯಾವುದೋ ಒಂದು ಎತ್ತರದಲ್ಲಿ ಕೆಲವೇ ಪದರ ಕೆಟ್ಟು ಮತ್ತೆ ತಾನಾಗಿ ಸರಿಹೋಗಿದ್ದರೆ ಸ್ಪೂಲ್ ಸಿಕ್ಕಿಕೊಂಡು ಬಿಟ್ಟಿದೆ. ಶುರುವಿನಿಂದ ಕೊನೆಯವರೆಗೂ ಒಂದೇ ಸಮ ತೆಳುವಾಗಿದ್ದರೆ ಮಾತ್ರ ಸೆಟ್ಟಿಂಗ್ ಮೇಲೆ ಅನುಮಾನ ಪಡಬಹುದು.

ಗಾಳಿಯಲ್ಲಿ ಇಳಿಸಿ ನೋಡುವುದು

ನಾಜಲ್ಲನ್ನು ಬೆಡ್‌ನಿಂದ 50 ಮಿ.ಮೀ. ಮೇಲಕ್ಕೆತ್ತಿ. ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನ ಫಿಲಮೆಂಟ್ ಇದ್ದರೆ 210 ಡಿಗ್ರಿಗೆ ಕಾಯಿಸಿ, ಎರಡು ನಿಮಿಷ ಹಾಗೇ ಬಿಡಿ. ಮೆನುವಿನಿಂದ 50 ಮಿ.ಮೀ. ಫಿಲಮೆಂಟನ್ನು ನಿಧಾನವಾಗಿ, ಸೆಕೆಂಡಿಗೆ ಒಂದೆರಡು ಮಿ.ಮೀ. ವೇಗದಲ್ಲಿ ತಳ್ಳಿಸಿ. ಕಣ್ಣು ನಾಜಲ್ ತುದಿಯಲ್ಲಿರಲಿ, ಕಿವಿ ಎಕ್ಸ್‌ಟ್ರೂಡರ್ ಕಡೆ.

ನಯವಾದ ಒಂದೇ ದಪ್ಪದ ಎಳೆ ನೇರ ಕೆಳಗಿಳಿದರೆ ನಾಜಲ್ ಚೊಕ್ಕವಾಗಿದೆ. ಎಳೆ ಹೊರಬಂದ ಕೂಡಲೇ ಪಕ್ಕಕ್ಕೆ ಸುರುಳಿ ಸುತ್ತಿ ನಾಜಲ್‌ಗೇ ಅಂಟಿಕೊಂಡರೆ ತೂತಿನ ಒಂದು ಬದಿ ಕಟ್ಟಿದೆ. ಆದರೆ ನಾಜಲ್‌ನ ಹೊರಮೈಗೆ ಹಳೆಯ ಪ್ಲಾಸ್ಟಿಕ್ ಮೆತ್ತಿಕೊಂಡಿದ್ದರೂ ಹೀಗೇ ಆಗುತ್ತದೆ. ಬಿಸಿ ಇರುವಾಗ ಹಿತ್ತಾಳೆ ಬ್ರಷ್‌ನಿಂದ ಉಜ್ಜಿ ಮತ್ತೊಮ್ಮೆ ನೋಡಿ. ಉಜ್ಜುವಾಗ ಥರ್ಮಿಸ್ಟರ್ ತಂತಿಯ ಬಳಿ ಬ್ರಷ್ ಹೋಗಕೂಡದು. ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು, ತುದಿಯಲ್ಲಿ ಸಣ್ಣ ಹೊಗೆ, ಎಳೆಯ ತುಂಬ ಗುಳ್ಳೆ ಕಂಡರೆ ಫಿಲಮೆಂಟ್ ನೀರು ಹೀರಿದೆ. ಏನೂ ಬಾರದೆ ಮೋಟರ್ ಟಕ್ ಎಂದು ಹಿಂದಕ್ಕೆ ಜಾರಿದರೆ ಕೆಳಗೆಲ್ಲೋ ಗಟ್ಟಿ ತಡೆ ಇದೆ.

ಸ್ಪೂಲ್ ಮತ್ತು ಫಿಲಮೆಂಟ್

ಸ್ಪೂಲ್ ಬೆರಳ ತುದಿಗೆ ತಿರುಗಬೇಕು. ಬದಲಾಯಿಸುವಾಗ ಫಿಲಮೆಂಟಿನ ತುದಿ ಕೈಜಾರಿ ಇನ್ನೊಂದು ಸುತ್ತಿನ ಕೆಳಗೆ ನುಸುಳಿದರೆ ಗಂಟು ಬೀಳುತ್ತದೆ, ಅದು ಬಿಗಿಯುವುದು ಪ್ರಿಂಟಿನ ನಡುವೆ. ತುದಿಯನ್ನು ಸ್ಪೂಲ್ ಅಂಚಿನ ತೂತಿಗೆ ಸಿಕ್ಕಿಸಿಡುವ ಅಭ್ಯಾಸ ಇದಕ್ಕೆ ಸಾಕಾದ ಮದ್ದು.

ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಒಂದು ಮೀಟರ್ ಉದ್ದದಲ್ಲಿ ಹತ್ತು ಕಡೆ ವ್ಯಾಸ ಅಳೆಯಿರಿ. ಒಳ್ಳೆಯ ಫಿಲಮೆಂಟ್ 1.75ರಿಂದ 0.03 ಮಿ.ಮೀ. ಆಚೀಚೆ ಇರುತ್ತದೆ. 1.65 ಎಂದು ತೋರಿಸಿದರೆ? ವ್ಯಾಸದಲ್ಲಿ ಕೊರತೆ ಶೇ. 6ಕ್ಕಿಂತ ಕಡಿಮೆ, ಆದರೆ ಪ್ಲಾಸ್ಟಿಕ್‌ನ ಪ್ರಮಾಣ ವ್ಯಾಸದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಶೇ. 11ರಷ್ಟು ನಷ್ಟ. 1.85 ದಾಟಿದ ಉಬ್ಬುಗಳಿದ್ದರೆ ಅವು ಕೊಳವೆಯಲ್ಲಿ ಉಜ್ಜಿಕೊಂಡು ಸಿಕ್ಕಿಕೊಳ್ಳಬಹುದು.

ಇನ್ನು ವಸ್ತುಗಳ ವಿಷಯ. ಪಿಎಲ್‌ಎ ಮೆಕ್ಕೆಜೋಳ, ಕಬ್ಬಿನಂಥ ಬೆಳೆಗಳ ಸಕ್ಕರೆಯಿಂದ ತಯಾರಾಗುವ ಪ್ಲಾಸ್ಟಿಕ್. 190ರಿಂದ 220 ಡಿಗ್ರಿಯಲ್ಲಿ ಪ್ರಿಂಟ್ ಆಗುತ್ತದೆ, ಬೆಡ್ 50ರಿಂದ 60. ಕಲಿಯುವವರಿಗೆ ಇದೇ ಸಾಕು. ಇದರ ದೌರ್ಬಲ್ಯ ಒಂದೇ: 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪಿಎಲ್‌ಎ ಮೊಬೈಲ್ ಸ್ಟ್ಯಾಂಡ್ ಬಾಗಿಹೋಗುವುದು ಇದಕ್ಕೇ. ನೀರಿನ ಬಾಟಲಿಯ ಪ್ಲಾಸ್ಟಿಕ್‌ಗೆ ಸೋದರನಾದ ಪಿಇಟಿಜಿಗೆ 230ರಿಂದ 250, ಬೆಡ್ 70ರಿಂದ 85. ಎಬಿಎಸ್‌ಗೆ 230ರಿಂದ 250, ಬೆಡ್ 100ರ ಆಸುಪಾಸು, ಮುಚ್ಚಿದ ಪೆಟ್ಟಿಗೆ ಬೇಕು, ಕೋಣೆಗೆ ಗಾಳಿಯಾಟವೂ ಬೇಕು. ಟಿಪಿಯು ರಬ್ಬರಿನಂತೆ ಬಳುಕುವ ವಸ್ತು. ಸೆಕೆಂಡಿಗೆ 20ರಿಂದ 30 ಮಿ.ಮೀ. ವೇಗ ಮೀರಿದರೆ ಅದು ಗೇರ್ ಮತ್ತು ಕೊಳವೆಯ ಬಾಯಿಯ ನಡುವಿನ ಸಂದಿನಲ್ಲಿ ಮಡಚಿ ಹೊರಬರುತ್ತದೆ. ಬೌಡನ್ ಯಂತ್ರದಲ್ಲಿ ಟಿಪಿಯು ಕೈಕೊಟ್ಟರೆ ನಾಜಲ್ಲನ್ನು ದೂರುವ ಮುಂಚೆ ಆ ಸಂದನ್ನು ನೋಡಿ. ಮರದ ಪುಡಿ ಬೆರೆಸಿದ ಫಿಲಮೆಂಟ್ 0.4ರ ನಾಜಲ್ಲನ್ನು ಕಟ್ಟಿಸಿಬಿಡುತ್ತದೆ, 0.6 ಹಾಕಿ. ಕಾರ್ಬನ್ ನಾರು ಅಥವಾ ಕತ್ತಲಲ್ಲಿ ಹೊಳೆಯುವ ಪುಡಿ ಬೆರೆತದ್ದು ಹಿತ್ತಾಳೆಯನ್ನು ತೇಯ್ದು ತೂತು ದೊಡ್ಡದು ಮಾಡುತ್ತದೆ. ಅದಕ್ಕೆ ಗಟ್ಟಿಗೊಳಿಸಿದ ಉಕ್ಕಿನ ನಾಜಲ್ ಬೇಕು.

ತೇವದ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಗಾಳಿಯಲ್ಲಿ ತೆರೆದಿಟ್ಟ ಸ್ಪೂಲ್ ಒಣಗಿರುವ ಮಾತೇ ಇಲ್ಲ. ನೈಲಾನ್ ಒಂದೇ ದಿನದಲ್ಲಿ ಹಾಳಾಗುತ್ತದೆ, ಟಿಪಿಯು ಮತ್ತು ಪಿಇಟಿಜಿ ಅದರ ಹಿಂದೆಯೇ. ಪಿಎಲ್‌ಎ ತಡವಾಗಿ ಹೀರಿದರೂ ಕೊನೆಗೆ ಪೆಡಸಾಗುತ್ತದೆ. ಸ್ಪೂಲ್‌ನಿಂದ ಬಿಚ್ಚಿ ನೆಟ್ಟಗೆ ಮಾಡಿದರೆ ಪಟ್ಟನೆ ಮುರಿಯುತ್ತದೆ. ಹಾಗೆ ಕೊಳವೆಯೊಳಗೇ ಮುರಿದು ಕುಳಿತ ತುಂಡು ನಾಜಲ್ ಕಟ್ಟಿದಂತೆಯೇ ನಟಿಸುತ್ತದೆ.

ಒಣಗಿಸುವ ಲೆಕ್ಕ: ಪಿಎಲ್‌ಎ 45ರಿಂದ 50 ಡಿಗ್ರಿಯಲ್ಲಿ 4ರಿಂದ 6 ಗಂಟೆ, ಪಿಇಟಿಜಿ 65ರಲ್ಲಿ ಅಷ್ಟೇ ಹೊತ್ತು, ಟಿಪಿಯು 50ರಿಂದ 55ರಲ್ಲಿ ಅಷ್ಟೇ, ನೈಲಾನ್ 70ರಿಂದ 80ರಲ್ಲಿ 12 ಗಂಟೆ. ಡ್ರೈಯರ್ ಇಲ್ಲದಿದ್ದರೆ ಪ್ರಿಂಟರಿನ ಬೆಡ್ ಸಾಕು: 55 ಡಿಗ್ರಿಗೆ ಇಟ್ಟು, ಸ್ಪೂಲ್ಲನ್ನು ಅಡ್ಡ ಮಲಗಿಸಿ, ಮೇಲೆ ರಟ್ಟಿನ ಡಬ್ಬ ಬೋರಲು ಹಾಕಿ. ಆವಿ ಹೋಗಲು ಡಬ್ಬದ ನೆತ್ತಿಯಲ್ಲಿ ಎರಡು ತೂತಿರಲಿ. ಮೂರು ಗಂಟೆಗೊಮ್ಮೆ ಸ್ಪೂಲ್ ಮಗುಚಿ. ಅಡುಗೆಮನೆಯ ಓವನ್ ನಂಬಬೇಡಿ, ಅದರ 50 ಡಿಗ್ರಿ ಗುರುತು ಎಷ್ಟೋ ಬಾರಿ 80ಕ್ಕೆ ಏರಿ ಇಳಿಯುತ್ತದೆ. ಸುತ್ತುಗಳೆಲ್ಲ ಒಂದಕ್ಕೊಂದು ಅಂಟಿದ ಸ್ಪೂಲ್ ಕಸಕ್ಕೇ ಹೋಗಬೇಕು. ಒಣಗಿದ ಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಎಕ್ಸ್‌ಟ್ರೂಡರ್

ಟಾರ್ಚ್ ಬಿಟ್ಟು ಗೇರ್ ಹಲ್ಲುಗಳನ್ನು ನೋಡಿ. ಹಲ್ಲಿನ ಸಂದಿಯಲ್ಲಿ ಫಿಲಮೆಂಟಿನ ಬಣ್ಣದ ಪುಡಿ ತುಂಬಿದ್ದರೆ ಗೇರ್ ಜಾರುತ್ತಿದೆ ಎಂದರ್ಥ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ, ಆದರೆ ಪುಡಿ ಬರಲು ಕಾರಣ ಹುಡುಕದೆ ಬಿಟ್ಟರೆ ನಾಳೆ ಮತ್ತೆ ಬರುತ್ತದೆ. ಹೊರಗೆಳೆದ ಫಿಲಮೆಂಟಿನ ಮೇಲೆ ಹಲ್ಲಿನ ಗುರುತು ಸಮವಾಗಿ, ತೆಳ್ಳಗೆ ಕಾಣಬೇಕು. ಗುರುತೇ ಇಲ್ಲದಿದ್ದರೆ ಸ್ಪ್ರಿಂಗ್ ಸಡಿಲ. ಫಿಲಮೆಂಟ್ ಚಪ್ಪಟೆಯಾಗಿದ್ದರೆ ಬಿಗಿ ಹೆಚ್ಚು. ಒಂದೇ ಜಾಗದಲ್ಲಿ ಅರ್ಧಚಂದ್ರಾಕಾರದ ಗುಳಿ ಬಿದ್ದಿದ್ದರೆ ಫಿಲಮೆಂಟ್ ನಿಂತಲ್ಲೇ ನಿಂತು ಗೇರ್ ಮಾತ್ರ ತಿರುಗಿದೆ, ತಡೆ ಕೆಳಗಿದೆ.

ಅಗ್ಗದ ಯಂತ್ರಗಳಲ್ಲಿ ಬೇರಿಂಗ್ ಹಿಡಿಯುವ ತೋಳು ಪ್ಲಾಸ್ಟಿಕ್‌ನದು. ಅದು ತಿರುಗುವ ಸ್ಕ್ರೂ ಪಕ್ಕದಲ್ಲಿ, ಸ್ಪ್ರಿಂಗ್ ಎದುರಿಗೆ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಜೋಡಿಸಿದ ಸ್ಥಿತಿಯಲ್ಲಿ ಕಾಣುವುದಿಲ್ಲ, ಬಿಚ್ಚಿ ಕೈಯಲ್ಲಿ ಬಗ್ಗಿಸಿದರೆ ಬಾಯಿ ತೆರೆಯುತ್ತದೆ. ಅಂಟು ಹಾಕಿ ಪ್ರಯೋಜನವಿಲ್ಲ. ಅಲ್ಯೂಮಿನಿಯಂ ತೋಳು ತಂದು ಹಾಕಿ. ಹಾಗೆಯೇ ಗೇರ್‌ನ ಗ್ರಬ್ ಸ್ಕ್ರೂ ಮೋಟರ್ ಅಚ್ಚಿನ ಚಪ್ಪಟೆ ಭಾಗದ ಮೇಲೆ ಕೂತಿದೆಯೇ ನೋಡಿ.

ಈಗ ಅಳತೆ. ಮೋಟರ್ 1 ಮಿ.ಮೀ. ತಳ್ಳಲು ಎಷ್ಟು ಹೆಜ್ಜೆ ಇಡಬೇಕೆಂಬ ಸಂಖ್ಯೆಗೆ ಇ-ಸ್ಟೆಪ್ಸ್ ಎನ್ನುತ್ತಾರೆ. ಪ್ರಿಂಟರಿನೊಳಗಿದ್ದು ಅದನ್ನು ನಡೆಸುವ ಮಾರ್ಲಿನ್ ಫರ್ಮ್‌ವೇರ್‌ನಲ್ಲಿ ಎಂ503 ಆಜ್ಞೆ ಕೊಟ್ಟರೆ ಎಂ92 ಸಾಲಿನಲ್ಲಿ ಇ ಅಕ್ಷರದ ಮುಂದೆ ಸಿಗುತ್ತದೆ. ಎಂಡರ್ 3ರಂಥ ಯಂತ್ರದಲ್ಲಿ ಅದು 93.

1. ಎಕ್ಸ್‌ಟ್ರೂಡರ್‌ನಿಂದ ಹೊರಹೋಗುವ ಕೊಳವೆಯನ್ನು ಬಿಚ್ಚಿ. ತಣ್ಣಗಿದ್ದರೆ ಪ್ರಿಂಟರ್ ತಳ್ಳಲು ಒಪ್ಪುವುದಿಲ್ಲ, ಹಾಗಾಗಿ ನಾಜಲ್ 200 ಡಿಗ್ರಿಗೆ ಕಾಯಿಸಿಡಿ.
2. ಎಕ್ಸ್‌ಟ್ರೂಡರಿನ ಒಳಬಾಯಿಯಿಂದ 120 ಮಿ.ಮೀ. ದೂರಕ್ಕೆ ಫಿಲಮೆಂಟ್ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ.
3. ಎಂ83 (ಈಗಿರುವ ಜಾಗದಿಂದಲೇ ಉದ್ದ ಎಣಿಸು ಎಂಬ ಆಜ್ಞೆ), ಆಮೇಲೆ ಜಿ1 ಇ100 ಎಫ್100 ಕೊಡಿ. 100 ಮಿ.ಮೀ. ತಳ್ಳಲು ಒಂದು ನಿಮಿಷ ಹಿಡಿಯುತ್ತದೆ.
4. ಒಳಬಾಯಿಯಿಂದ ಗುರುತಿನವರೆಗೆ ಉಳಿದ ದೂರ ಅಳೆಯಿರಿ. 20 ಇದ್ದರೆ ಸರಿಯಾಗಿದೆ.
5. ಕೊಳವೆ ಜೋಡಿಸಿ, ಫಿಲಮೆಂಟನ್ನು ಬಿಸಿ ನಾಜಲ್‌ವರೆಗೆ ಇಳಿಸಿ, ಇದೇ ಅಳತೆ ಮತ್ತೊಮ್ಮೆ ಮಾಡಿ.

ಹೆಚ್ಚಿನವರು ಎರಡನೆಯ ಅಳತೆಯನ್ನಷ್ಟೇ ಮಾಡಿ ಇ-ಸ್ಟೆಪ್ಸ್ ತಿದ್ದಿಬಿಡುತ್ತಾರೆ. ಅದೇ ಎಡವಟ್ಟು. ಕೊಳವೆ ಬಿಚ್ಚಿದಾಗ 100 ತಳ್ಳಿ, ನಾಜಲ್ ಮೂಲಕ 92 ಮಾತ್ರ ತಳ್ಳಿದರೆ ಇ-ಸ್ಟೆಪ್ಸ್ ಸರಿಯೇ ಇದೆ, ಆ 8 ಮಿ.ಮೀ. ನುಂಗಿದ್ದು ಕೆಳಗಿನ ತಡೆ. ಕೊಳವೆ ಇಲ್ಲದೆಯೂ 92 ಬಂದರೆ ಮಾತ್ರ ಸಂಖ್ಯೆ ತಿದ್ದಬೇಕು: 93 ಗುಣಿಸು 100, ಭಾಗಿಸು 92, ಅಂದರೆ 101.1. ಎಂ92 ಇ101.1 ಕೊಟ್ಟು ಎಂ500ರಿಂದ ಉಳಿಸಿ.

ಕೊಳವೆ ಮತ್ತು ಹಾಟೆಂಡ್

ಕೊಳವೆ ನಾಜಲ್‌ವರೆಗೆ ಇಳಿಯುವ ಹಾಟೆಂಡ್‌ನಲ್ಲಿ ಕಿರಿಕಿರಿ ಪದೇ ಪದೇ ಮರುಕಳಿಸುತ್ತಿದ್ದರೆ ಮೊದಲ ಅನುಮಾನ ಕೊಳವೆಯ ತುದಿಯ ಮೇಲೆ. ರಿಟ್ರ್ಯಾಕ್ಷನ್ ಆದಾಗಲೆಲ್ಲ, ಅಂದರೆ ಎಳೆ ಜೋತುಬೀಳದಂತೆ ಫಿಲಮೆಂಟನ್ನು ಹಿಂದಕ್ಕೆ ಎಳೆದಾಗಲೆಲ್ಲ, ಕೊಳವೆಯೂ ಜೋಡಣೆಯಲ್ಲಿ ಒಂದಿಷ್ಟು ಮೇಲೆ ಕೆಳಗೆ ಆಡುತ್ತದೆ. ಕಾಲಕ್ರಮೇಣ ತುದಿಗೂ ನಾಜಲ್‌ಗೂ ನಡುವೆ ಸಂದು ಬೀಳುತ್ತದೆ, ಕರಗಿದ ಪ್ಲಾಸ್ಟಿಕ್ ಅಲ್ಲಿ ಸೇರಿ ಸುಟ್ಟು ಕರಕಲಾಗುತ್ತದೆ. ಬಿಚ್ಚಿದಾಗ ಕೊಳವೆಯ ತುದಿ ಕಂದು ಬಣ್ಣಕ್ಕೆ ತಿರುಗಿ, ಅಂಚು ಊದಿ, ಸುತ್ತ ಪ್ಲಾಸ್ಟಿಕ್ಕಿನ ಉಂಗುರ ಕಟ್ಟಿಕೊಂಡಿದ್ದರೆ ದೋಷ ಸಿಕ್ಕಿತು.

ಸರಿಪಡಿಸಲು ನಾಜಲ್ಲನ್ನು 220 ಡಿಗ್ರಿಗೆ ಕಾಯಿಸಿ ಫಿಲಮೆಂಟ್ ಹೊರಗೆಳೆಯಿರಿ. ಹೀಟರ್ ಬ್ಲಾಕನ್ನು ಒಂದು ಪಾನಾದಿಂದ ಹಿಡಿದು, ಇನ್ನೊಂದರಿಂದ ನಾಜಲ್ ಬಿಚ್ಚಿ. ಬ್ಲಾಕ್ ಹಿಡಿಯದೆ ತಿರುಗಿಸಿದರೆ ಹೀಟ್‌ಬ್ರೇಕ್ ತಿರುಚಿಕೊಳ್ಳುತ್ತದೆ, ಥರ್ಮಿಸ್ಟರ್ ತಂತಿಯೂ ಕಿತ್ತುಬರಬಹುದು. ಎಂಕೆ8 ನಾಜಲ್‌ಗೆ 6ರ ಪಾನಾ, ವಿ6ಕ್ಕೆ 7ರದು. ಕೊಳವೆ ಹೊರತೆಗೆದು ಹಾಳಾದ ತುದಿಯನ್ನು ಹೊಸ ಬ್ಲೇಡಿನಿಂದ ನೇರಕ್ಕೆ ಕತ್ತರಿಸಿ. ಕತ್ತರಿ ಬೇಡ, ಅದು ಕೊಳವೆಯನ್ನು ಹಿಸುಕುತ್ತದೆ. ನಾಜಲ್ಲನ್ನು ಪೂರ್ತಿ ಒಳಗೆ ತಿರುಗಿಸಿ, ಅರ್ಧ ಸುತ್ತು ಹಿಂದಕ್ಕೆ ಬಿಡಿ. ಕೊಳವೆಯನ್ನು ತಳ ಮುಟ್ಟುವವರೆಗೆ ಒತ್ತಿ, ಮೇಲಿನ ಜೋಡಣೆಗೆ ಕ್ಲಿಪ್ ಸಿಕ್ಕಿಸಿ. ಈಗ ಬಿಸಿಯಲ್ಲೇ ಆ ಅರ್ಧ ಸುತ್ತನ್ನು ಬಿಗಿ ಮಾಡಿ. ನಾಜಲ್ ಕೊಳವೆಯನ್ನು ಒತ್ತಿ ಹಿಡಿಯುತ್ತದೆ, ಸಂದು ಉಳಿಯುವುದಿಲ್ಲ. ಇಂಥ ಹಾಟೆಂಡ್‌ಗಳನ್ನು 240 ಡಿಗ್ರಿ ಮೀರಿ ಕಾಯಿಸಬೇಡಿ. ಅದರ ಮೇಲೆ ಪಿಟಿಎಫ್‌ಇ ಕೆಡಲು ಶುರುವಾಗುತ್ತದೆ, ಇನ್ನೂ ಏರಿದರೆ ಬರುವ ಹೊಗೆ ಮನುಷ್ಯರಿಗೂ ಒಳ್ಳೆಯದಲ್ಲ, ಮನೆಯಲ್ಲಿ ಸಾಕಿದ ಗಿಳಿಗಳಿಗಂತೂ ಪ್ರಾಣಾಂತಿಕ.

ನಾಜಲ್ ಒಂದೇ ಅರೆಬರೆ ಕಟ್ಟಿದ್ದರೆ ಬಿಚ್ಚದೆಯೂ ಶುಚಿ ಮಾಡಬಹುದು. ಪಿಎಲ್‌ಎ ಹಾಕಿ 210ರಲ್ಲಿ ಸ್ವಲ್ಪ ತಳ್ಳಿ, ತಾಪ 90ಕ್ಕೆ ಇಳಿಯಲು ಬಿಡಿ, ಆಗ ಫಿಲಮೆಂಟನ್ನು ಒಂದೇ ಸಮನೆ ಗಟ್ಟಿಯಾಗಿ ಎಳೆಯಿರಿ. ಬಾರದಿದ್ದರೆ ಐದೈದು ಡಿಗ್ರಿ ಏರಿಸಿ. ಹೊರಬಂದ ತುದಿ ನಾಜಲ್‌ನ ಒಳಮೈಯ ಅಚ್ಚಿನಂತಿರಬೇಕು, ಮೊನೆಯಲ್ಲಿ ಕರಿ ಚೂರು ಅಂಟಿಬಂದಿರುತ್ತದೆ. ತುದಿ ಚೊಕ್ಕವಾಗುವವರೆಗೆ ಮೂರ್ನಾಲ್ಕು ಸಲ ಮಾಡಿ. 0.35 ಮಿ.ಮೀ. ಸೂಜಿಯಿಂದ ಕೆಳಗಿನಿಂದ ಚುಚ್ಚುವುದು ತಾತ್ಕಾಲಿಕ ಉಪಾಯ ಅಷ್ಟೇ, ಕಸ ಒಳಕ್ಕೆ ಹೋಗಿ ಮತ್ತೆ ಬಂದು ಕೂರುತ್ತದೆ. ನಿಜ ಹೇಳಬೇಕೆಂದರೆ ಹಿತ್ತಾಳೆ ನಾಜಲ್‌ಗಾಗಿ ಒಂದು ಗಂಟೆ ಹೆಣಗುವುದಕ್ಕಿಂತ ಹೊಸದು ಹಾಕುವುದು ಲೇಸು.

ಬಿಸಿ ಮೇಲೇರುವ ತೊಂದರೆಗೆ ಹೀಟ್‌ಸಿಂಕ್ ಫ್ಯಾನ್ ನೋಡಿ. ಪ್ರಿಂಟ್ ಮೇಲೆ ಗಾಳಿ ಊದುವ ಫ್ಯಾನ್ ಬೇರೆ, ಇದು ಬೇರೆ. ನಾಜಲ್ ಬಿಸಿ ಇರುವಷ್ಟು ಹೊತ್ತೂ ಇದು ತಿರುಗಲೇಬೇಕು. ಎಲೆಗಳಿಗೆ ಪ್ಲಾಸ್ಟಿಕ್ ಎಳೆ ಸುತ್ತಿಕೊಂಡು ನಿಧಾನವಾಗಿದ್ದರೂ ಸಾಕು, ಹೀಟ್‌ಬ್ರೇಕ್‌ನ ಮೇಲೆಯೇ ಪಿಎಲ್‌ಎ ಮೆತ್ತಗಾಗಿ ಉಬ್ಬಿ, ಬೆಣೆ ಹೊಡೆದಂತೆ ನಿಲ್ಲುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಅಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಪಿಎಲ್‌ಎ ಪ್ರಿಂಟ್ ಮಾಡುವುದೆಂದರೆ ಈ ದೋಷವನ್ನು ಕರೆದು ಕೂರಿಸಿದಂತೆ. ಬಾಗಿಲು ತೆರೆದಿಡಿ, ಬೆಡ್ 50ಕ್ಕೆ ಇಳಿಸಿ. ರಿಟ್ರ್ಯಾಕ್ಷನ್ ಬೌಡನ್‌ಗೆ 4ರಿಂದ 6 ಮಿ.ಮೀ., ಡೈರೆಕ್ಟ್ ಡ್ರೈವ್‌ಗೆ 0.5ರಿಂದ 1.5 ಮೀರದಿರಲಿ, ಮೀರಿದರೆ ಮೆತ್ತಗಾದ ಪ್ಲಾಸ್ಟಿಕ್ಕನ್ನು ನೀವೇ ತಣ್ಣನೆಯ ಭಾಗಕ್ಕೆ ಎಳೆದು ಅಂಟಿಸಿದಂತಾಗುತ್ತದೆ.

ತೆರೆಯ ಮೇಲಿನ ತಾಪ ಒಂದೆರಡು ಡಿಗ್ರಿಗಿಂತ ಹೆಚ್ಚು ಓಲಾಡುತ್ತಿದ್ದರೆ ಹೀಟರ್ ಕಡ್ಡಿ ಮತ್ತು ಥರ್ಮಿಸ್ಟರ್‌ನ ಸ್ಕ್ರೂ ಸಡಿಲವೇ ನೋಡಿ, ಆಮೇಲೆ ಎಂ303 ಇ0 ಎಸ್210 ಸಿ8 ಆಜ್ಞೆಯಿಂದ ಪಿಐಡಿ (ತಾಪವನ್ನು ಸ್ಥಿರವಾಗಿಡುವ ಲೆಕ್ಕ) ಹೊಂದಿಸಿ. ಅದು ಕೊಡುವ ಮೂರು ಸಂಖ್ಯೆಗಳನ್ನು ಎಂ301ರಲ್ಲಿ ಹಾಕಿ ಎಂ500ರಿಂದ ಉಳಿಸಬೇಕು.

ಸ್ಲೈಸರ್

ಪದರದ ಎತ್ತರ, ಗೆರೆಯ ಅಗಲ, ವೇಗ ಮೂರನ್ನೂ ಗುಣಿಸಿ. 0.2, 0.45, 60 ಆದರೆ ಸೆಕೆಂಡಿಗೆ 5.4 ಘನ ಮಿ.ಮೀ.; ಯಾವ ಹಾಟೆಂಡ್ ಆದರೂ ಕೊಡುತ್ತದೆ. 0.28, 0.5, 100 ಆದರೆ 14. ಸಾದಾ ಹಾಟೆಂಡ್ ಪಿಎಲ್‌ಎಯಲ್ಲಿ 10ರ ಆಸುಪಾಸಿನಲ್ಲೇ ಏದುಸಿರು ಬಿಡುತ್ತದೆ, ಪಿಇಟಿಜಿಯಲ್ಲಿ ಇನ್ನೂ ಬೇಗ. ವೇಗ ಇಳಿಸಿ, ಇಲ್ಲವೇ ತಾಪ 5ರಿಂದ 10 ಡಿಗ್ರಿ ಏರಿಸಿ.

ಹೊಸದಾಗಿ ಸ್ಲೈಸರ್ ಹಾಕಿಕೊಂಡವರು ಫಿಲಮೆಂಟ್ ವ್ಯಾಸದ ಚೌಕ ತೆರೆದು ನೋಡಿ. ಅಲ್ಲಿ 2.85 ಎಂದಿದ್ದು ನೀವು ಹಾಕಿರುವುದು 1.75 ಆದರೆ ಹೊರಬರುವುದು ಬೇಕಾದದ್ದರ ಶೇ. 38 ಮಾತ್ರ. ಪ್ರಿಂಟ್ ಜೇಡರ ಬಲೆಯಂತೆ ಕಾಣುತ್ತದೆ, ಯಂತ್ರದಲ್ಲಿ ಮಾತ್ರ ಯಾವ ದೋಷವೂ ಇರುವುದಿಲ್ಲ.

ಇಷ್ಟೆಲ್ಲ ಮುಗಿದ ಮೇಲೆ ಫ್ಲೋ ಮುಟ್ಟಬಹುದು. 20 ಮಿ.ಮೀ. ಚೌಕದ, ಮುಚ್ಚಳವಿಲ್ಲದ, ಒಳಜಾಲರಿ ಶೂನ್ಯ ಇರುವ, ಒಂದೇ ಗೋಡೆಯ ಡಬ್ಬ ಪ್ರಿಂಟ್ ಮಾಡಿ, ಗೆರೆಯ ಅಗಲ 0.45 ಇರಲಿ. ನಾಲ್ಕೂ ಗೋಡೆಗಳ ನಡುಭಾಗವನ್ನು ಕ್ಯಾಲಿಪರ್‌ನಿಂದ ಅಳೆದು ಸರಾಸರಿ ತೆಗೆಯಿರಿ. ಮೂಲೆಗಳು ಉಬ್ಬಿರುತ್ತವೆ, ಅವನ್ನು ಬಿಡಿ. ಸರಾಸರಿ 0.43 ಬಂದರೆ ಹೊಸ ಫ್ಲೋ 100 ಗುಣಿಸು 0.45, ಭಾಗಿಸು 0.43, ಅಂದರೆ ಸುಮಾರು 105. ಉತ್ತರ 95ರಿಂದ 105ರೊಳಗೆ ನಿಂತರೆ ಆ ಸಂಖ್ಯೆಯನ್ನು ಸ್ಪೂಲ್ ಮೇಲೆಯೇ ಮಾರ್ಕರ್‌ನಲ್ಲಿ ಬರೆದಿಡಿ, ಬಣ್ಣ ಅಥವಾ ಕಂಪನಿ ಬದಲಾದರೆ ಮತ್ತೆ ಅಳೆಯಿರಿ. 110 ದಾಟಿದರೆ ಅದನ್ನು ಹಾಕಬೇಡಿ. ಮೇಲೆ ಯಾವುದೋ ತಡೆ ಇನ್ನೂ ಉಳಿದಿದೆ, ಕೊಳವೆ ಬಿಚ್ಚಿ 120 ಮಿ.ಮೀ. ಗುರುತಿನ ಅಳತೆಯಿಂದ ಮತ್ತೆ ಶುರುಮಾಡಿ.